ಮೂರು ಭಾನುವಾರದ ಕೆಂಪು ಪಟ್ಟಿ

"ಸಿಕ್ಕಿಬಿದ್ರಿ. ಅದನ್ನ ಅಲ್ಲೇ ಬಿಡಿ, ಕೈ ತೆಗೀರಿ."

ದೋಣಿಕಟ್ಟೆಯ ಟಿಕೆಟ್ ಗೂಡಿನ ಹಿಂದೆ ಅರ್ಧ ಗಂಟೆಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಪುಟ್ಟಿ ಒಂದೇ ನೆಗೆತಕ್ಕೆ ಈಚೆ ಬಂದಳು. ಕಾಲು ಜೋಮು ಹಿಡಿದಿತ್ತು. ಹಾಗಾಗಿ ಆ ನೆಗೆತ ಅವಳು ಅಂದುಕೊಂಡಷ್ಟು ಚೆನ್ನಾಗಿ ಬರಲಿಲ್ಲ. ಎಡವಿ ರೇಲಿಂಗ್ ಹಿಡಿದುಕೊಂಡಳು.

ಅವನು ತಿರುಗಿ ನೋಡಿದ. ಒಂದು ಕೈಯಲ್ಲಿ ಅವಳೇ ಕಟ್ಟಿದ್ದ ಕೆಂಪು ಬಟ್ಟೆಯ ಪಟ್ಟಿ. ಇನ್ನೊಂದು ಕೈಯಲ್ಲಿ ಚಾಕು.

ಚಾಕು ಇರಬಹುದೆಂದು ಅವಳು ಯೋಚಿಸಿರಲಿಲ್ಲ. ಆದರೆ ಇಷ್ಟು ದೂರ ಬಂದ ಮೇಲೆ ಹಿಂದೆ ಸರಿದರೆ ಮರ್ಯಾದೆ ಏನಾಗಬೇಕು?

"ನಾನು ಕಟ್ಟಿದ ಪಟ್ಟಿನ ವಾರ ವಾರ ಕತ್ತರಿಸ್ತಿರೋದು ನೀವೇನಾ?"

"ಹೌದು," ಎಂದ.

ಇಲ್ಲ ಅನ್ನುತ್ತಾನೆಂದು ಅವಳು ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. ಹೌದು ಅಂದವನ ಹತ್ತಿರ ಏನು ಜಗಳವಾಡುವುದು?

"ಮೂರು ಸಲ ಕಟ್ಟಿದೀನಿ ರೀ."

"ಮೂರು ಸಲ ಕತ್ತರಿಸಿದೀನಿ."

ಆ ಕಣ್ಣುಗಳಲ್ಲಿ ಪೊಗರಿರಲಿಲ್ಲ. ಬಹಳ ದಿನದಿಂದ ಸರಿಯಾಗಿ ನಿದ್ದೆ ಮಾಡದವನ ಕಣ್ಣುಗಳು ಅವು. ಪುಟ್ಟಿಗೆ ಕಣ್ಣುಗಳ ವಿಷಯ ಚೆನ್ನಾಗಿ ಗೊತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಮನೆಯಲ್ಲಿ ಕೊನೆಯವಳು, ಎತ್ತರದಲ್ಲೂ ಕೊನೆಯವಳು. ವಯಸ್ಸು ಇಪ್ಪತ್ತೆಂಟಾದರೂ ಊರಿಗೆಲ್ಲ ಅವಳು ಪುಟ್ಟಿಯೇ.

ಪಟ್ಟಿಯ ಕಥೆ ಇಷ್ಟು. ಭಾನುವಾರದ ಬೆಳಿಗ್ಗೆ ಒಂದಿಪ್ಪತ್ತು ಜನ ಸೇರಿ ಹೊಳೆಯ ದಂಡೆ ಸ್ವಚ್ಛ ಮಾಡುತ್ತಾರೆ. ಪ್ಲಾಸ್ಟಿಕ್, ಬಾಟಲಿ ಸಿಕ್ಕರೆ ನೇರ ಚೀಲಕ್ಕೆ. ಆದರೆ ಮುರಿದ ಕುರ್ಚಿ, ಮೂಲೆಗೆ ಬಿದ್ದ ತಳ್ಳುಗಾಡಿ ಇಂಥವು ಯಾರದ್ದೋ ಆಗಿರಬಹುದಲ್ಲ? ಅದಕ್ಕೊಂದು ಕೆಂಪು ಪಟ್ಟಿ ಕಟ್ಟಿ ಮೇಲೆ ತಾರೀಖು ಬರೆಯುತ್ತಾರೆ. ಬೇಕಾದವರು ಬಂದು ಬಿಚ್ಚಿಕೊಂಡು ತಮ್ಮ ವಸ್ತು ಒಯ್ಯಬೇಕು. ಮೂರು ಭಾನುವಾರ ಕಳೆದರೂ ಪಟ್ಟಿ ಹಾಗೇ ಇದ್ದರೆ ಅದು ಗುಜರಿ ಲಾರಿ ಹತ್ತುತ್ತದೆ.

ಈ ಸೈಕಲ್ಲಿನ ಪಟ್ಟಿ ಮಾತ್ರ ವಾರ ಕಳೆಯುವುದರೊಳಗೆ ಮಾಯ. ಸೈಕಲ್ ಅಲ್ಲೇ! ಚೈನಿನಲ್ಲಿ ರೇಲಿಂಗಿಗೆ ಬಿಗಿದು ಬೀಗ ಹಾಕಿದ್ದ, ಯಾವ ಬಣ್ಣದ್ದೆಂದೇ ತಿಳಿಯದಷ್ಟು ತುಕ್ಕು ಹಿಡಿದ ಸೈಕಲ್.

"ಸೈಕಲ್ಲು ನಿಮ್ದಾ?"

ಅವನು ಸೈಕಲ್ಲಿನ ಕಡೆ ತಿರುಗಿದ. "ತಮ್ಮನದು."

"ಹಾಗಾದ್ರೆ ಮನೆಗೆ ತಗೊಂಡು ಹೋಗಿ."

"ಇಲ್ಲೇ ಇರಲಿ."

"ಇದು ಸಾರ್ವಜನಿಕ ಜಾಗ ರೀ. ನಿಮ್ಮನೆ ಅಟ್ಟ ಅಲ್ಲ."

ಅವನು ಬೀಗದ ಮುಂದೆ ಕುಕ್ಕರಿಸಿದ. ಚಾಕು ಮಡಚಿ ಜೇಬಿಗಿಟ್ಟು, ಇನ್ನೊಂದು ಜೇಬಿನಿಂದ ಹೊಲಿಗೆ ಯಂತ್ರಕ್ಕೆ ಬಿಡುವಂಥ ಪುಟ್ಟ ಎಣ್ಣೆ ಡಬ್ಬಿ ತೆಗೆದ. ಬೀಗದ ಕಿಂಡಿಗೆ ಎರಡೇ ಹನಿ ಬಿಟ್ಟ. ಚಿಂದಿಯಿಂದ ಒರೆಸಿದ. ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ.

ತುಕ್ಕು ಹಿಡಿದ ಸೈಕಲ್ಲಿನಲ್ಲಿ ಬೀಗವೊಂದೇ ಹೊಳೆಯುತ್ತಿತ್ತು. ಪುಟ್ಟಿ ಅದನ್ನು ನೋಡಿದಳು. ಯಾರೂ ತೆಗೆಯದ ಬೀಗಕ್ಕೆ ಎಣ್ಣೆ ಯಾಕೆ ಎಂದು ಆವತ್ತೇ ಕೇಳಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು. ಅವಳು ಕೇಳಲಿಲ್ಲ.

"ಒಂದು ಮಾತು," ಎಂದ ಅವನು ಹೊರಡುವ ಮುಂಚೆ. "ಮುಂದಿನ ವಾರದಿಂದ ನಾನೂ ನಿಮ್ಮ ಜೊತೆ ಕಸ ಎತ್ತೋಕೆ ಬರ್ತೀನಿ. ಎಷ್ಟು ಹೊತ್ತು ಅಂದ್ರೆ ಅಷ್ಟು ಹೊತ್ತು. ಈ ಸೈಕಲ್ಲಿಗೆ ಮಾತ್ರ ಪಟ್ಟಿ ಕಟ್ಟಬೇಡಿ."

ಆ ದನಿಯಲ್ಲಿ ಏನಿತ್ತೋ... ಅವಳ ಬಾಯಿಂದ ತಾನಾಗಿ "ಸರಿ" ಎಂದು ಬಂತು.

---

ಅವನು ಬೈಂಡರ್. ಹಳೇ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಪುಸ್ತಕ, ಕಚೇರಿಯ ರಿಜಿಸ್ಟರ್ ಹೊಲಿದು ರಟ್ಟು ಹಾಕುವ ಅಂಗಡಿ ಅವನದು. ಬೆರಳ ಸಂದಿನಲ್ಲಿ ಯಾವಾಗಲೂ ಒಣಗಿದ ಅಂಟು.

ಮಾತು ಕಮ್ಮಿ, ಕೆಲಸ ಜಾಸ್ತಿ. ದಂಡೆಯ ಬಳಗದ ಮುಖ್ಯಸ್ಥೆಗೆ ಇಂಥವರೆಂದರೆ ಪ್ರಾಣ. ಆಕೆ ನಿವೃತ್ತ ಪಿ.ಟಿ. ಟೀಚರ್. ಶಾಲೆ ಬಿಟ್ಟು ಆರು ವರ್ಷವಾದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಕೆಲಸ ಶುರುವಿಗೊಂದು ಸೀಟಿ, ಚಹಾಕ್ಕೊಂದು ಸೀಟಿ, ಯಾರಾದರೂ ಗಾಜನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಕಿವಿ ತೂತಾಗುವಂಥ ಸೀಟಿ. ಎಲ್ಲರೂ ಆಕೆಯನ್ನು ಸೀಟಿ ಟೀಚರ್ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ.

"ನೀವಿಬ್ರೂ ಒಂದು ಜೋಡಿ," ಎಂದು ಟೀಚರ್ ಮೊದಲ ವಾರವೇ ತೀರ್ಮಾನಿಸಿದರು. "ಇವಳು ಗಿಡ್ಡ, ನೀನು ಉದ್ದ. ಕೆಳಗಿಂದ ಮೇಲಕ್ಕೆ ಒಂದು ಕಸನೂ ತಪ್ಪಲ್ಲ."

ಅವನು ಚೀಲ ಹಿಡಿಯುತ್ತಿದ್ದ, ಅವಳು ಆರಿಸಿ ಹಾಕುತ್ತಿದ್ದಳು. ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಹೀಗೆ ನಾಲ್ಕು ತಿಂಗಳು.

"ಪೌಡರ್ ಹಾಕ್ಕೊಂಡು ಕಸ ಎತ್ತೋಕೆ ಹೋಗೋರನ್ನ ಈಗಲೇ ನೋಡ್ತಿರೋದು," ಎಂದು ಅಕ್ಕ ಬಾಗಿಲಲ್ಲಿ ನಿಂತು ರೇಗಿಸಿದಳು.

"ಬಿಸಿಲು ಅಕ್ಕ."

"ಬೆಳಿಗ್ಗೆ ಆರಕ್ಕೆ?"

ಪುಟ್ಟಿ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಒಂದು ವಾರ ಅವನು ಪುಟ್ಟ ಪುಸ್ತಕವೊಂದನ್ನು ಅವಳ ಕೈಗಿಟ್ಟ. ಪಟ್ಟಿ ಕಟ್ಟಿದ ವಸ್ತು, ತಾರೀಖು ಎಲ್ಲ ಅವಳು ಬಿಡಿ ಚೀಟಿಗಳಲ್ಲಿ ಬರೆದು ಕಳೆದುಕೊಳ್ಳುತ್ತಿದ್ದಳಲ್ಲ, ಅದಕ್ಕೆ. ಪುಸ್ತಕದ ಬೆನ್ನಿಗೆ ಅಂಟಿಸಿದ್ದು ಅವಳದೇ ಕೆಂಪು ಪಟ್ಟಿಯ ಬಟ್ಟೆ.

"ನೀವು ಕತ್ತರಿಸಿದ್ದೇನಾ ಇದು?"

"ಮೂರೂ ಇಟ್ಕೊಂಡಿದ್ದೆ."

ಅವಳು ಪುಸ್ತಕವನ್ನು ಮೂಗಿಗೆ ಹಿಡಿದಳು. ಅಂಟಿನ ವಾಸನೆ. ಆವತ್ತಿನಿಂದ ಅಂಟಿನ ವಾಸನೆ ಬಂದಲ್ಲೆಲ್ಲ ಅವಳಿಗೆ ಎದೆಯೊಳಗೆ ಏನೋ ಆಗುತ್ತಿತ್ತು. ಇದು ಪ್ರೀತಿ ಎಂದು ತಿಳಿಯಲು ಅವಳಿಗೆ ಯಾವ ಕನ್ನಡಕವೂ ಬೇಕಾಗಲಿಲ್ಲ.

ಪ್ರತಿ ವಾರ ಕೆಲಸ ಮುಗಿದ ಮೇಲೆ ಅವನು ಸೈಕಲ್ಲಿನ ಹತ್ತಿರ ಹೋಗಿ ಎರಡು ಹನಿ ಎಣ್ಣೆ ಬಿಡುತ್ತಿದ್ದ. ಅವಳು ಸ್ವಲ್ಪ ದೂರದಲ್ಲಿ ಕಾಯುತ್ತಿದ್ದಳು. ಕೇಳಿದರೆ ನೋವಾಗುತ್ತದೇನೋ ಎಂದು ಸುಮ್ಮನಿರುತ್ತಿದ್ದಳು.

ಆಮೇಲೆ ಒಂದು ಭಾನುವಾರ ಅವನು ಹೇಳಿದ, "ಹತ್ತು ದಿನ ಇರಲ್ಲ. ಪಕ್ಕದ ಊರಿನ ಕೋರ್ಟಿನ ಹಳೇ ದಾಖಲೆಗಳಿಗೆಲ್ಲ ಹೊಸ ರಟ್ಟು ಹಾಕಬೇಕು. ಅಲ್ಲೇ ಉಳ್ಕೋಬೇಕು."

"ಹ್ಞೂಂ."

"ಬಂದ ಮೇಲೆ ನಿಮಗೊಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

ಅವನು ಸೈಕಲ್ಲಿನ ಕಡೆ ನೋಡಿದ, ಆಮೇಲೆ ಅವಳ ಕಡೆ. ಮೊದಲ ಸಲ ನಕ್ಕ. "ಬಂದ ಮೇಲೆ."

---

ಆ ಹತ್ತು ದಿನಗಳಲ್ಲೇ ಎಲ್ಲ ಕೆಟ್ಟದ್ದು.

ಊರಿನ ದಂಡೆಗಳಲ್ಲಿ ಯಾವುದು ಚೆಂದವಾಗಿದೆ ಎಂದು ನೋಡಲು ನಗರಸಭೆಯವರು ಬರುತ್ತಾರೆಂದು ಸುದ್ದಿ ಬಂತು. ಟೀಚರ್ ಸೀಟಿ ಊದಿದ್ದೇ ಊದಿದ್ದು. ರೇಲಿಂಗಿಗೆಲ್ಲ ಹಳದಿ ಬಣ್ಣ, ಮೆಟ್ಟಿಲ ಪಕ್ಕ ಹೂಕುಂಡ.

"ಆ ಸೈಕಲ್ ಹೋಗಲೇಬೇಕು ಪುಟ್ಟಿ," ಎಂದರು. "ಹೊಸ ರೇಲಿಂಗಿನ ಮಧ್ಯೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ."

"ಅದು ಅವರ ತಮ್ಮನದು ಟೀಚರ್."

"ಗೊತ್ತಮ್ಮ. ನೀನಾಗ ಊರಲ್ಲಿರಲಿಲ್ಲ, ಇಲ್ಲಿ ಬೇರೆ ಯಾರಿಗೆ ಗೊತ್ತಿಲ್ಲ?" ಟೀಚರ್ ದನಿ ತಗ್ಗಿತು. "ನಾಲ್ಕು ವರ್ಷದ ಹಿಂದೆ ಹೊಳೆ ಉಕ್ಕಿ ಬಂದಿತ್ತಲ್ಲ, ಆಗ ಆಚೆ ದಡದವರನ್ನ ಕರ್ಕೊಂಡು ಬರೋಕೆ ದೋಣಿ ಹತ್ತಿದ ಹುಡುಗ. ಸೈಕಲ್ಲಿಗೆ ಬೀಗ ಹಾಕಿ ಹೋದ. ದೋಣಿ ಮಗುಚ್ತು. ಉಳಿದವರೆಲ್ಲ ಸಿಕ್ಕಿದ್ರು, ಅವನೊಬ್ಬ ಸಿಗಲಿಲ್ಲ. ಪಾಪ, ಅಣ್ಣ ನೆನಪಿಗೆ ಅಂತ ಇಟ್ಕೊಂಡಿದಾನೆ."

ಸಿಗಲಿಲ್ಲ ಎಂಬ ಮಾತು ಪುಟ್ಟಿಯ ಕಿವಿಗೆ ಬಿತ್ತು, ಮನಸ್ಸಿಗಿಳಿಯಲಿಲ್ಲ. ನೆನಪಿಗೆ ಎಂಬುದೊಂದೇ ಅಲ್ಲಿ ನಿಂತಿತು. ಕಣ್ಣು ತುಂಬಿ ಬಂತು.

"ಗುಜರಿಗೆ ಬೇಡ ಟೀಚರ್. ನಾನು ಅದನ್ನ ಚೆಂದ ಮಾಡ್ತೀನಿ."

ಪ್ರೀತಿಸುವವರ ದೊಡ್ಡ ಕೆಟ್ಟ ಚಾಳಿ ಇದೇ. ಕೇಳುವುದಿಲ್ಲ, ಮಾಡಿಬಿಡುತ್ತಾರೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಅವನು ಬಂದು ನೋಡುವಾಗ ಅವನ ಮುಖ ಹೇಗಾಗಬಹುದು ಎಂದು ಅವಳು ಎಷ್ಟು ಸಲ ಕಲ್ಪಿಸಿಕೊಂಡಿದ್ದಳೆಂದರೆ, ಫೋನ್ ಮಾಡಿ ಆ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ.

ಸೈಕಲ್ ತೆಗೆಯದೆ ಅದರ ಹಿಂದಿನ ರೇಲಿಂಗಿಗೆ ಬಣ್ಣ ಹೊಡೆಯಲಾಗದು. ಕೀಲಿಕೈ ಇಲ್ಲ, ಕಳೆದುಹೋಗಿರಬೇಕು. ಬೀಗ ರಿಪೇರಿಯವರನ್ನು ಕರೆತಂದಳು. ಅವರು ಗರಗಸ ಹಿಡಿದು ಬೀಗದ ಕೊಂಡಿ ಕೊಯ್ದರು. ಚೈನು ಕಲ್ಲಿನ ಮೇಲೆ ಸರ್ರನೆ ಬಿತ್ತು. ಮುರಿದ ಬೀಗವನ್ನು ಬಿಸಾಡಲು ಯಾಕೋ ಮನಸ್ಸು ಬಾರದೆ ಚೀಲದೊಳಗೆ ಹಾಕಿಕೊಂಡಳು.

ಎರಡು ದಿನ ತುಕ್ಕು ಕೆರೆದಳು. ಹಳದಿ ಬಣ್ಣ ಹೊಡೆದಳು. ಮುಂದಿನ ಬುಟ್ಟಿಗೆ ಮಣ್ಣು ತುಂಬಿ ಬಿಳಿ ಹೂವಿನ ಗಿಡ ನೆಟ್ಟಳು. ಹ್ಯಾಂಡಲಿಗೆ ಪುಟ್ಟ ಹಲಗೆ ತೂಗಿಹಾಕಿ, ತನ್ನ ಕೈಯಾರೆ ಬರೆದಳು: ನೆನಪಿಗಾಗಿ.

ನಗರಸಭೆಯವರು ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು.

---

ಅವನು ಬಂದದ್ದು ಹನ್ನೊಂದನೆಯ ದಿನ, ಸಂಜೆ ಐದಕ್ಕೆ. ಪಕ್ಕದ ಊರಿಂದ ಬಂದ ಬಸ್ಸಿಳಿದು ಚೀಲ ಹೊತ್ತುಕೊಂಡೇ ನೇರ ದಂಡೆಗೆ ಬಂದಿದ್ದ. ಅವಳಿಗಾಗಿ ಬಂದಿದ್ದ.

ಪುಟ್ಟಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಬದಿಗೆ ಸರಿದು ಸೈಕಲ್ ತೋರಿಸಿದಳು.

ಅವನು ನೋಡಿದ. ಹೂವು ನೋಡಿದ. ಹಲಗೆ ಓದಿದ. ಆಮೇಲೆ ಬಗ್ಗಿ, ಚಕ್ರದ ಹತ್ತಿರ ಕೈಯಾಡಿಸಿ ಏನನ್ನೋ ಹುಡುಕತೊಡಗಿದ.

"ಬೀಗ ಎಲ್ಲಿ?"

"ಅದು... ಕೀ ಇರಲಿಲ್ಲವಲ್ಲ. ಕೊಯ್ಸಿದೆ."

"ಕೀ ಅವನ ಹತ್ರ ಇದೆ," ಎಂದ.

ಪುಟ್ಟಿ ಒಂದು ಹೆಜ್ಜೆ ಹಿಂದೆ ಸರಿದಳು.

"ಅವನ ಜೇಬಲ್ಲಿ ಇದೆ. ಅದೊಂದೇ ಕೀ. ಬಂದಾಗ ತೆಗೀಬೇಕಲ್ಲ, ತುಕ್ಕು ಹಿಡೀಬಾರ್ದು ಅಂತ ವಾರ ವಾರ ಎಣ್ಣೆ ಹಾಕ್ತಿದ್ದೆ. ನೀವು ನೋಡ್ತಿದ್ರಿ."

"ನಂಗೆ ಗೊತ್ತಿರಲಿಲ್ಲ... ಎಲ್ರೂ ಅವರು..."

"ಎಲ್ರೂ ಹೇಳ್ತಾರೆ." ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಎಲ್ರೂ ಹೇಳಿದ್ರು, ಆದ್ರೆ ಯಾರೂ ಅವನಿಗೆ ಸಮಾಧಿ ಕಟ್ಟಿರಲಿಲ್ಲ. ನೀವು ಕಟ್ಟಿದ್ರಿ. ಮೇಲೆ ಹೂವೂ ಇಟ್ರಿ."

"ನಿಮಗೋಸ್ಕರ ಮಾಡ್ದೆ..."

"ಒಂದು ಮಾತು ಕೇಳಬಹುದಿತ್ತು."

ಅಷ್ಟೇ. ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದ. ಹೇಳಬೇಕೆಂದಿದ್ದ ಮಾತು ಅವನ ಜೊತೆಯಲ್ಲೇ ಹೋಯಿತು. ಪುಟ್ಟಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕೈಗೆ ಇನ್ನೂ ಹಳದಿ ಬಣ್ಣ ಮೆತ್ತಿತ್ತು. ಒರೆಸಿದಷ್ಟೂ ಹೋಗಲಿಲ್ಲ.

---

ಮರುದಿನ ಬೆಳಿಗ್ಗೆ ಅವಳು ಹಲಗೆ ಕಿತ್ತಳು. ಗಿಡಗಳನ್ನು ಬೇರು ಸಹಿತ ತೆಗೆದು ಕುಂಡಕ್ಕೆ ಹಾಕಿದಳು. ಅಂಗಡಿ ತೆರೆಯುವ ಮುಂಚೆ ಒಂದು ಗಂಟೆ ಸ್ಯಾಂಡ್‌ಪೇಪರ್ ಹಿಡಿದು ಬಣ್ಣ ಉಜ್ಜಿದಳು. ದಿನಾ ಉಜ್ಜಿದಳು.

ಬಣ್ಣ ಹೋಗುತ್ತಿತ್ತು. ಆದರೆ ತುಕ್ಕು ವಾಪಸು ಬರುತ್ತದೆಯೇ? ನಾಲ್ಕು ವರ್ಷದ ಕಾಯುವಿಕೆಯನ್ನು ಎರಡು ದಿನದಲ್ಲಿ ಕೆರೆದು ಹಾಕಿದ್ದಳು. ಕೆಳಗೆ ಬರೀ ಬೆತ್ತಲೆ ಕಬ್ಬಿಣ.

ಒಂದು ಭಾನುವಾರ ಅವನು ಬರಲಿಲ್ಲ. ಎರಡನೆಯ ಭಾನುವಾರವೂ. ಮೂರನೆಯದಕ್ಕೆ ಸೀಟಿ ಟೀಚರ್ ಅವಳ ಪಕ್ಕದಲ್ಲಿ ಕೂತು, ತಾವೂ ಒಂದು ಸ್ಯಾಂಡ್‌ಪೇಪರ್ ತೆಗೆದುಕೊಂಡರು. ಸೀಟಿ ಮುಟ್ಟಲಿಲ್ಲ.

"ನಾನೂ ನಿಂಗೆ ಸರಿಯಾಗಿ ಹೇಳ್ಬೇಕಿತ್ತು ಕಣಮ್ಮ," ಎಂದರು.

ಪುಟ್ಟಿ ತಲೆಯಾಡಿಸಿದಳು.

ನಾಲ್ಕು ಸಲ ಅವನ ಅಂಗಡಿಯ ಓಣಿಯವರೆಗೆ ಹೋಗಿ ಹಿಂದಿರುಗಿದಳು. ಹೋಗಿ ಏನು ಹೇಳುವುದು? ಕ್ಷಮಿಸಿ ಅಂದರೆ, ಅವನು ಕ್ಷಮಿಸಿದರೂ, ಕೊಯ್ದ ಬೀಗ ಕೂಡುವುದೇ?

---

ಗುರುವಾರ ಮಧ್ಯಾಹ್ನ. ಅಂಗಡಿಗೊಬ್ಬರು ಹೆಂಗಸು ಬಂದರು. ಅರವತ್ತರ ಆಸುಪಾಸು. ತಲೆ ಅಚ್ಚುಕಟ್ಟಾಗಿ ಬಾಚಿಕೊಂಡಿದ್ದರು.

"ಕಣ್ಣು ಮಂಜಾಗಿದೆ. ಪರೀಕ್ಷೆ ಮಾಡ್ತೀಯಾ?"

ಪುಟ್ಟಿ ಅವರನ್ನು ಒಳಕೋಣೆಯ ಕುರ್ಚಿಯಲ್ಲಿ ಕೂರಿಸಿ ದೀಪ ಆರಿಸಿದಳು. ಎದುರಿನ ಫಲಕದ ಅಕ್ಷರಗಳಷ್ಟೇ ಬೆಳಗಿದವು. ಒಂದೊಂದೇ ಗಾಜು ಬದಲಿಸುತ್ತ ಕೇಳಿದಳು, "ಇದು ಸ್ಪಷ್ಟ ಇದೆಯಾ, ಅದಾ?"

"ಎಲ್ಲಾ ಸ್ಪಷ್ಟ ಇದೆಯಮ್ಮ. ನನ್ನ ಕಣ್ಣಿಗೇನೂ ಆಗಿಲ್ಲ." ಆಕೆ ಕತ್ತಲಲ್ಲೇ ಅವಳ ಕೈ ಹಿಡಿದರು. "ಬೈಂಡರನ ತಾಯಿ ನಾನು. ಬೀಗ ಕೊಯ್ಸಿದ ಹುಡುಗಿ ನೀನೇನಾ?"

ಪುಟ್ಟಿ ಇನ್ನೊಂದು ಕೈಯಲ್ಲಿದ್ದ ಗಾಜು ಕೆಳಗಿಟ್ಟಳು. "ಹೌದಮ್ಮ. ತಪ್ಪಾಯ್ತು."

"ಬೈಯೋಕೆ ಬಂದಿಲ್ಲ."

ಆಕೆ ಚೀಲದಿಂದ ಹಳೆಯ ಕನ್ನಡಕದ ಡಬ್ಬಿ ತೆಗೆದು ಅವಳ ಕೈಗಿಟ್ಟರು. ಒಳಗೆ ಕನ್ನಡಕವಿರಲಿಲ್ಲ. ಮಡಚಿದ ಬಿಳಿ ಬಟ್ಟೆ. ಬಟ್ಟೆಯೊಳಗೆ ಪುಟ್ಟ ಕೀಲಿಕೈ.

ಪುಟ್ಟಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಬಟ್ಟೆಯನ್ನು ಮತ್ತೆ ಮಡಚಿಬಿಟ್ಟಳು.

"ದೋಣಿ ಮಗುಚಿದ ಒಂಬತ್ತನೇ ದಿನ ದೋಣಿಯವರು ಒಂದು ಅಂಗಿ ತಂದುಕೊಟ್ರು. ಬಹಳ ದೂರ, ಕೆಳಗಡೆ, ಯಾವುದೋ ಮರದ ಬೇರಿಗೆ ಸಿಕ್ಕಿತ್ತಂತೆ. ನಾನೇ ಹೊಲಿದ ಅಂಗಿ. ಜೇಬಲ್ಲಿ ಇದಿತ್ತು." ತಾಯಿ ನಿಧಾನವಾಗಿ ಹೇಳಿದರು. ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡ ಮಾತುಗಳಿರಬೇಕು. "ದೊಡ್ಡವನು ಆಗ ಮನೇಲಿರಲಿಲ್ಲ. ದಂಡೆ ಉದ್ದಕ್ಕೂ ಹುಡುಕ್ತಾ ತಿರುಗ್ತಿದ್ದ. ಸಂಜೆ ಬಂದ. ಅಂಗಾಲೆಲ್ಲ ರಕ್ತ. 'ಸಿಗ್ತಾನೆ ಅಮ್ಮ, ಸಿಕ್ಕೇ ಸಿಗ್ತಾನೆ' ಅಂದ. ಒಂಬತ್ತು ದಿನದಲ್ಲಿ ಮೊದಲ ಸಲ ಎರಡು ತುತ್ತು ತಿಂದ. ಆ ಹೊತ್ತಲ್ಲಿ ಇದನ್ನ ಹೇಗೆ ಕೊಡ್ಲಿ?"

"ಅವರಿಗೆ ಇವತ್ತಿಗೂ ಗೊತ್ತಿಲ್ವಾ?"

"ಇಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ನಾಡಿದ್ದು ಹೇಳೋಣ ಅಂದ್ಕೊಂಡೆ. ನಾಲ್ಕು ವರ್ಷ ಆಯ್ತು. ಅಂಗಿ ಒಬ್ಬಳೇ ಕೂತು ಒಲೆಗೆ ಹಾಕ್ದೆ. ಇದನ್ನ ಹಾಕೋಕಾಗಲಿಲ್ಲ."

ಮಗನಿಗೆ ಕಾಣದಂತೆ ಒಬ್ಬ ತಾಯಿ ನಾಲ್ಕು ವರ್ಷ ಅತ್ತಿದ್ದಳು. ಪುಟ್ಟಿ ಆಕೆಯ ಕಾಲ ಬಳಿ ನೆಲದ ಮೇಲೆ ಕೂತಳು. ಇಬ್ಬರೂ ಆ ಕತ್ತಲ ಕೋಣೆಯಲ್ಲಿ ಎಷ್ಟು ಹೊತ್ತು ಅತ್ತರೋ.

"ಬೀಗ ಹೋದಾಗಿಂದ ಅವನು ಸರಿಯಾಗಿ ಊಟ ಮಾಡ್ತಿಲ್ಲ," ಎಂದರು ತಾಯಿ ಕೊನೆಗೆ. "ಅದೇ ಒಂಬತ್ತನೇ ದಿನದ ಮುಖ. ನೀನೇ ಕೊಟ್ಬಿಡು ತಾಯಿ. ನನ್ನ ಕೈಲಿ ಆಗಲ್ಲ."

ಇಸಿದುಕೊಂಡು ತಾನೇ ಅವನಿಗೆ ಕೊಡಬಹುದಿತ್ತು. ಇಲ್ಲ, ಬೇಡ, ಅವನ ನಂಬಿಕೆ ಹಾಗೇ ಇರಲಿ ಎಂದು ಹೊಳೆಗೆ ಎಸೆದುಬಿಡಬಹುದಿತ್ತು. ಎರಡೂ ಯೋಚನೆ ಪುಟ್ಟಿಗೆ ಬಂದವು. ಕೇಳದೆ ಮಾಡಿದ ಒಂದು ಕೆಲಸದ ಫಲ ಕಣ್ಣ ಮುಂದಿತ್ತು.

"ಇದನ್ನ ನಾನು ಕೊಡಬಾರದಮ್ಮ," ಎಂದಳು. "ನೀವೇ ಕೊಡಬೇಕು. ನಾನು ಜೊತೆಗೆ ಬರ್ತೀನಿ."

---

ಅವನು ದಪ್ಪ ರಿಜಿಸ್ಟರೊಂದನ್ನು ಹೊಲಿಯುತ್ತಿದ್ದ. ತಾಯಿಯನ್ನು ಕಂಡು ಸೂಜಿ ನಿಲ್ಲಿಸಿದ. "ಅಮ್ಮ? ಈ ಹೊತ್ತಲ್ಲಿ?" ಹಿಂದೆ ಪುಟ್ಟಿಯನ್ನು ಕಂಡ. ಮುಖ ತಿರುಗಿಸಿಕೊಂಡ. "ಅಂಗಡಿ ಮುಚ್ಚೋ ಹೊತ್ತಾಯ್ತು."

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ತಾಯಿ ಒಳಗೆ ಬಂದರು. ಕನ್ನಡಕದ ಡಬ್ಬಿಯನ್ನು ಅಂಟಿನ ಪಾತ್ರೆಯ ಪಕ್ಕ ಇಟ್ಟರು.

"ಸ್ಕ್ರೂ ಮತ್ತೆ ಬಿತ್ತಾ?" ಎನ್ನುತ್ತ ಅವನು ತೆರೆದ.

ಬಟ್ಟೆ ಬಿಡಿಸಿದ.

ಕೀಲಿಕೈಯ ಕಣ್ಣಿಗೆ ಬೈಂಡಿಂಗ್ ದಾರದ ಪುಟ್ಟ ಕುಣಿಕೆ ಕಟ್ಟಿತ್ತು. ತಮ್ಮ ಯಾವಾಗಲೂ ಕಳೆದುಕೊಳ್ಳುತ್ತಿದ್ದನಲ್ಲ, ಬೆರಳಿಗೆ ಸಿಕ್ಕಿಸಿಕೋ ಎಂದು ಅವನೇ ಕಟ್ಟಿಕೊಟ್ಟಿದ್ದ ದಾರ. ಅದು ಅವನದೇ ಗಂಟು. ಊರಲ್ಲಿ ಬೇರೆ ಯಾರೂ ಹಾಗೆ ಗಂಟು ಹಾಕುವುದಿಲ್ಲ.

ಅವನು ತಾಯಿಯನ್ನು ನೋಡಲಿಲ್ಲ. ಪುಟ್ಟಿಯನ್ನು ನೋಡಿದ. "ಬೀಗ ಇದೆಯಾ?"

ಅವಳು ಚೀಲದಿಂದ ತೆಗೆದುಕೊಟ್ಟಳು.

ಕೀಲಿಕೈ ಕಿಂಡಿಗೆ ಹೋಯಿತು. ತಿರುಗಿತು. ಒಂದು ಚೂರೂ ಅಡ್ಡಿಯಿಲ್ಲದೆ ಕೊಯ್ದ ಕೊಂಡಿಯ ತುಂಡು ಟಕ್ ಎಂದು ಮೇಲೆದ್ದಿತು.

"ನೋಡಮ್ಮ," ಎಂದ ಅವನು. "ಎಷ್ಟು ಸಲೀಸಾಗಿ ತೆಗೀತು. ವಾರ ವಾರ ಎಣ್ಣೆ ಹಾಕಿದ್ದೆ."

ಆಮೇಲೆ ಅವನ ಮುಖ ಒಡೆಯಿತು. ನಾಲ್ಕು ವರ್ಷದಿಂದ ತಡೆದಿದ್ದದ್ದು ಒಂದೇ ಸಲ ನುಗ್ಗಿತು. ಹೊಲಿದ ಕಾಗದಗಳ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತ.

"ನಾಲ್ಕು ವರ್ಷ ಅಮ್ಮ... ನಾಲ್ಕು ವರ್ಷ ಹೇಳಲಿಲ್ಲ ನೀನು."

"ಹೇಳಿದ್ರೆ ನೀನೂ ಹೋಗ್ತಿದ್ದೆ ಮಗಾ."

"ಕರೆ ಬಂದಿದ್ದು ನನಗೆ. ದೋಣಿಗೆ ಕೈ ಕಮ್ಮಿ ಇದೆ, ಬಾ ಅಂತ ನನ್ನ ಕರೆದಿದ್ರು. ರಿಜಿಸ್ಟರ್ ಮುಗಿಸ್ಬೇಕು, ನೀನೇ ಹೋಗು ಅಂತ ಅವನನ್ನ ಕಳ್ಸಿದ್ದು ನಾನು."

"ನಂಗೊತ್ತು." ತಾಯಿ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. "ಅದು ಗೊತ್ತಿದ್ದಕ್ಕೇ ಕೊಡಲಿಲ್ಲ."

ಪುಟ್ಟಿ ಸದ್ದಿಲ್ಲದೆ ಬಾಗಿಲ ಕಡೆ ನಡೆದಳು. ಇದು ಅವರಿಬ್ಬರ ದುಃಖ, ತನಗಿಲ್ಲಿ ಜಾಗವಿಲ್ಲ ಎಂದುಕೊಂಡಳು. ಹೊಸ್ತಿಲು ದಾಟುವಾಗ ಅವನ ದನಿ ಕೇಳಿತು.

"ಬಿಸಾಡಲಿಲ್ಲ ಯಾಕೆ, ಬೀಗನ?"

"ನಿಮ್ಮದಲ್ವಾ," ಎಂದಳು.

---

ಭಾನುವಾರ, ಬೆಳಕು ಹರಿಯುವ ಹೊತ್ತು. ದಂಡೆಗೆ ಇನ್ನೂ ಯಾರೂ ಬಂದಿರಲಿಲ್ಲ. ಪುಟ್ಟಿ ಸೈಕಲ್ಲಿನ ಮುಂದೆ ಕೂತು ಹಿಂದಿನ ಚಕ್ರದ ಕಡ್ಡಿಗಳನ್ನು ಉಜ್ಜುತ್ತಿದ್ದಳು. ಅಲ್ಲಲ್ಲಿ ಹಳದಿ ಉಳಿದಿತ್ತು.

ಪಕ್ಕದಲ್ಲಿ ಯಾರೋ ಕೂತರು. ಅಂಟಿನ ವಾಸನೆ ಬಂತು.

"ಸಾಕು," ಎಂದ ಅವನು. "ಕೈಯೆಲ್ಲ ತರಚಿದೆ."

ಅವಳು ನಿಲ್ಲಿಸಲಿಲ್ಲ. ಅವನೇ ಅವಳ ಬೆರಳು ಬಿಡಿಸಿ ಸ್ಯಾಂಡ್‌ಪೇಪರ್ ತೆಗೆದುಕೊಂಡ. ಕೈ ಮಾತ್ರ ಬಿಡಲಿಲ್ಲ.

"ನೀಲಿ," ಎಂದ. "ಇದರ ಬಣ್ಣ. ಅವನು ತಂದ ದಿನ ಊರೆಲ್ಲ ಸುತ್ತಿ ಬಂದಿದ್ದ. ಬ್ರೇಕ್ ಹಾಕೋದು ಗೊತ್ತಿರಲಿಲ್ಲ. ಸೀಟಿ ಟೀಚರ್ ಮನೆ ಗೇಟಿಗೆ ಗುದ್ದಿ ನಿಲ್ಲಿಸಿದ."

ಪುಟ್ಟಿಗೆ ನಗು ಬಂತು, ಜೊತೆಗೆ ಅಳು. ಅವನಿಗೂ ಹಾಗೇ. ತಮ್ಮನ ಬಗ್ಗೆ ಅವನು ಹೇಳಿದ ಮೊದಲ ಮಾತು ಅದು. ಅವನು ಹೇಳುತ್ತಾ ಹೋದ, ಅವಳು ಕೇಳುತ್ತಾ ಹೋದಳು. ಬಿಸಿಲು ಮೆಟ್ಟಿಲವರೆಗೆ ಬಂತು.

"ನನ್ನ ಮೇಲೆ ಕೋಪ ಹೋಯ್ತಾ?" ಎಂದು ಕೊನೆಗೆ ಅಳುಕುತ್ತ ಕೇಳಿದಳು.

"ಕೋಪ ಅಲ್ಲ ಅದು. ನನಗೂ ಒಳಗೆ ಗೊತ್ತಿತ್ತು ಪುಟ್ಟಿ. ಗೊತ್ತಿದ್ದದ್ದನ್ನ ನೀವು ಹಲಗೆ ಮೇಲೆ ಬರೆದ್ರಿ. ಅದನ್ನ ತಡ್ಕೊಳ್ಳೋಕಾಗಲಿಲ್ಲ."

"ಆವತ್ತು ಒಂದು ಮಾತು ಹೇಳಬೇಕು ಅಂದಿದ್ರಿ..."

"ಈಗ ಹೇಳಿದ್ರೆ ಬರೀ ಅಳು ಬರುತ್ತೆ."

"ಅಳ್ತಾನೇ ಹೇಳಿ."

ಅವನು ಅವಳ ತರಚಿದ ಅಂಗೈ ನೋಡುತ್ತ ಹೇಳಿದ, "ಇನ್ನು ಒಬ್ಬನೇ ಕಾಯೋಕೆ ಆಗಲ್ಲ. ನೀನು ನನ್ನ ಜೊತೆ ಇರು."

ಪುಟ್ಟಿ ಅವನ ಭುಜಕ್ಕೆ ತಲೆಯಿಟ್ಟಳು. ಹ್ಞೂಂ ಎಂದಳೋ ಇಲ್ಲವೋ ಅವಳಿಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು.

ಆಮೇಲೆ ಅವನು ಜೇಬಿನಿಂದ ಒಂದು ಕೆಂಪು ಪಟ್ಟಿ ತೆಗೆದ. ಪೆನ್ನನ್ನು ಅವಳ ಕೈಗೆ ಕೊಟ್ಟ.

"ತಾರೀಖು ಬರಿ."

"ಯಾವತ್ತಿಂದು?"

"ಇವತ್ತಿಂದು."

ಅವಳು ಬರೆದಳು. ಅಕ್ಷರ ಸೊಟ್ಟಗಾದವು. ಅವನು ಪಟ್ಟಿಯನ್ನು ಹ್ಯಾಂಡಲಿಗೆ ಸುತ್ತಿ, ತಮ್ಮನ ಕೀಲಿಕೈಗೆ ಕಟ್ಟಿದ್ದ ಅದೇ ಗಂಟು ಹಾಕಿದ. ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ.

"ಮೂರು ಭಾನುವಾರ," ಎಂದ. "ಮಧ್ಯದಲ್ಲಿ ನನಗೆ ಮನಸ್ಸು ತಡೀದೆ ಬಂದು ಕತ್ತರಿಸಿಬಿಟ್ರೆ?"

"ಮತ್ತೆ ಕಟ್ಟೋಣ."

"ಮತ್ತೆ ಕತ್ತರಿಸಿದ್ರೆ?"

"ಮತ್ತೆ ಕಟ್ಟೋಣ," ಎಂದಳು ಪುಟ್ಟಿ. "ನನ್ನ ಹತ್ರ ಬಟ್ಟೆ ಬೇಕಾದಷ್ಟಿದೆ."